ಭಾನುವಾರದ ನಡಿಗೆಗೆ ಮುನ್ನ ಗುರಣ್ಣನವರ ರಕ್ತ ಮತ್ತೊಮ್ಮೆ ನೋಡಿ

ಹಿರಿಯರ ಹೃದಯ ತಪಾಸಣಾ ಯೋಜನೆಯ ಮುಖ್ಯ ವೈದ್ಯಾಧಿಕಾರಿಗಳೇ,

ಬರುವ ಭಾನುವಾರ, 2004ರ ಜನವರಿ ನಾಲ್ಕರಂದು, ನೀವು ಏರ್ಪಡಿಸಿರುವ ಐದು ಕಿಲೋಮೀಟರ್ ವೇಗದ ನಡಿಗೆಯ ಮುಂದಾಳಾಗಿ ಎಪ್ಪತ್ತೊಂದು ವರ್ಷದ ಗುರಣ್ಣನವರನ್ನು ಆರಿಸಿದ್ದೀರಿ. ಯಾವ ರಕ್ತದ ವರದಿ ನೋಡಿ ಆರಿಸಿದಿರೋ ಆ ರಕ್ತ ಅವರದಲ್ಲ, ನನ್ನದು. ನಿಮ್ಮ ಕಚೇರಿಗೆ ಮೂರು ಸಲ ಹೋಗಿ ಹೇಳಿದೆ. ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ.

ಡಿಸೆಂಬರ್ ಏಳರಂದು ಕಾತ್ರಜದಲ್ಲಿ ನಿಮ್ಮ ಶಿಬಿರ ನಡೆಯಿತು. ಏಳನೆಯ ಟೋಕನ್ ನನ್ನದು, ಎಂಟನೆಯದು ನನ್ನ ನೆರೆಮನೆಯ ಗುರಣ್ಣನವರದು. ರಕ್ತದ ನಳಿಕೆಗಳಿಗೆ ಹೆಸರಿನ ಚೀಟಿ ಮೊದಲೇ ಅಂಟಿಸಿ, ಟೋಕನ್ ಪ್ರಕಾರ ಸಾಲಾಗಿ ಇಟ್ಟಿದ್ದರು. ನನ್ನ ಸರದಿ ಬಂದಾಗ ನಾನು ಎದ್ದು, "ನೀವು ಮೊದಲ ಹೋಗ್ರಿ, ನಿಮ್ಮ ಮುಂದ ನಾ ಹೆಂಗ ಕೂಡ್ಲಿ?" ಎಂದೆ. "ಸೂಜಿ ಚುಚ್ಚಿಸ್ಕೊಳ್ಳಾಕೂ ಮರ್ಯಾದಿ ಏನೋ ತಮ್ಮಾ," ಎನ್ನುತ್ತ ಅವರು ಹೋಗಿ ಕೂತರು. ಹಿರಿಯರನ್ನು ಹಿಂದೆ ನಿಲ್ಲಿಸಿ ತಾನು ಮುಂದೆ ಕೂರುವುದು ನಮ್ಮ ಕಡೆಯವರಿಗೆ ಆಗದ ಮಾತು. ಸೂಜಿ ಹಿಡಿದವರು ಹೆಸರು ಕೇಳಲಿಲ್ಲ. ಸಾಲಿನಲ್ಲಿ ಮುಂದಿದ್ದ, ನನ್ನ ಹೆಸರಿನ ನಳಿಕೆಯನ್ನು ಎತ್ತಿಕೊಂಡರು. ತಪ್ಪಿನಲ್ಲಿ ನನ್ನ ಪಾಲೂ ಇದೆ. ಆದರೆ ಹೆಸರು ಕೇಳುವುದು ಯಾರ ಕೆಲಸವಾಗಿತ್ತು?

ನನ್ನ ಹೆಸರಿನ ವರದಿಯಲ್ಲಿ ಕೊಲೆಸ್ಟರಾಲ್ 312. ವೇಗವಾಗಿ ನಡೆಯಕೂಡದೆಂದು ನನಗೆ ಆದೇಶ. ಗುರಣ್ಣನವರ ಹೆಸರಿನಲ್ಲಿ 168. ಅವರು ನಾಲ್ಕು ವರ್ಷದಿಂದ ನುಂಗುತ್ತಿದ್ದ ಕೊಬ್ಬಿನ ಮಾತ್ರೆಯನ್ನು ನಿಮ್ಮ ವೈದ್ಯರು ವರದಿ ಬಂದ ದಿನವೇ ನಿಲ್ಲಿಸಿದರು. ಶಿಬಿರದ ಬೆಳಿಗ್ಗೆಯೇ ಮೂರು ನಿಮಿಷ ಮೆಟ್ಟಿಲು ಹತ್ತಿಳಿಯುವ ಪರೀಕ್ಷೆಯೂ ಇತ್ತು. ನನ್ನ ನಾಡಿ ಬೇಗನೇ ಹದಕ್ಕೆ ಬಂತು. ಗುರಣ್ಣನವರು ಎರಡನೇ ನಿಮಿಷಕ್ಕೆ ಗೋಡೆ ಹಿಡಿದು ಕೂತರು. ಇದು ನಿಮ್ಮದೇ ನಮೂನೆಯಲ್ಲಿ ಬರೆದಿದೆ. ಕೇಳಿದರೆ, ರಕ್ತದ ಅಂಕಿಯೇ ಮುಖ್ಯ, ಮೆಟ್ಟಿಲು ಬರೀ ಪೂರಕ ಎಂದು ನಿಮ್ಮ ಸಹಾಯಕರು ತಿಳಿಸಿದರು. ಎದುರಿಗೆ ಏದುಸಿರು ಬಿಡುತ್ತಿರುವ ಮನುಷ್ಯ ಪೂರಕ!

ಚೆನ್ನಾಗಿ ನಡೆಯುವವರ ರಕ್ತದಲ್ಲೂ ಕೊಬ್ಬು ಹೆಚ್ಚಿರಬಹುದೆಂದು ನನಗೆ ಗೊತ್ತು. ಅದಕ್ಕೇ ನನ್ನ ಕಾಲನ್ನು ಸಾಕ್ಷಿಗೆ ಕರೆಯಲಿಲ್ಲ. ಬೇರೆ ಎರಡು ಪ್ರಯೋಗಾಲಯಗಳಲ್ಲಿ, ಹನ್ನೆರಡು ಗಂಟೆ ಏನೂ ತಿನ್ನದೆ, ರಕ್ತ ಕೊಟ್ಟೆ. 171, 166. ಹಾಗಾದರೆ ಆ 312 ಯಾರದು? "ಒಬ್ಬರಿಗೆ ವರ್ಷಕ್ಕೆ ಒಂದೇ ತಪಾಸಣೆ, ಮುಂದಿನ ಡಿಸೆಂಬರಿಗೆ ಬನ್ನಿ," ಎಂದು ಉತ್ತರ ಬಂತು. ರಕ್ತನಾಳದ ಕೊಬ್ಬಿಗೂ ಈ ಸುತ್ತೋಲೆಯ ಪ್ರತಿ ಕಳಿಸಿದ್ದೀರಾ?

ಗುರಣ್ಣನವರಿಗೆ ಹೇಳಿದರೆ ನಗುತ್ತಾರೆ. "ನಿನಗ ನಡೀಬ್ಯಾಡ ಅಂದ್ರು, ನನ್ನ ಆರಿಸಿದ್ರು. ಹೊಟ್ಟಿಕಿಚ್ಚ ಪಡಬ್ಯಾಡೋ. ಸರ್ಕಾರಿ ಕಾಗದ ಸುಳ್ಳ ಹೇಳತದೇನು?" ಬೇರೆ ಕಡೆ ರಕ್ತ ಕೊಡಲು ಒಪ್ಪುವುದಿಲ್ಲ. ಮೊನ್ನೆ ಅವರ ಮನೆಯಿಂದ ಹೊರಟಾಗ ಹೆಂಡತಿ ಚನ್ನಬಸವ್ವನವರು ಮೆಟ್ಟಿಲ ತನಕ ಬಂದು ದನಿ ತಗ್ಗಿಸಿ ಹೇಳಿದರು: "ನಿನ್ನಿ ನೀರಿನ ಕೊಡ ಇಳಿಸಿ ಎದಿ ಹಿಡಕೊಂಡು ಕುಂತ್ರು. ಗ್ಯಾಸ್ ಅಂತಾರ. ನನ್ನ ಮಾತೂ ಕೇಳಂಗಿಲ್ಲ, ನಿಮ್ಮ ಮಾತೂ ಕೇಳಂಗಿಲ್ಲ. ಶಿಕ್ಕಾ ಹೊಡದ ಕಾಗದ ತರ್ರಿ."

ಆ ಶಿಕ್ಕಾ ನಿಮ್ಮ ಮೇಜಿನ ಮೇಲಿದೆ. ಶನಿವಾರ ಸಂಜೆಯೊಳಗೆ ಅವರ ವರದಿ ರದ್ದಾಗಿದೆಯೆಂದು ಬರೆದು, ಮೊಹರು ಹಾಕಿ, ಮನೆಗೆ ತಲುಪಿಸಿ. ಜೊತೆಗೆ ಒಬ್ಬ ವೈದ್ಯರನ್ನು ಕಳಿಸಿ. ಅವರು ಹೆಸರು ಕೇಳಿ ರಕ್ತ ತೆಗೆಯಲಿ, ಮಾತ್ರೆಯ ವಿಚಾರ ತೀರ್ಮಾನಿಸಲಿ. ಕಾಗದ ಬರದಿದ್ದರೆ ಗುರಣ್ಣನವರು ನಡೆದೇ ನಡೆಯುತ್ತಾರೆ. ಆಗ ನಿಮ್ಮ ಆದೇಶ ಮುರಿದು ನಾನೂ ಅವರ ಪಕ್ಕದಲ್ಲೇ ನಡೆಯುತ್ತೇನೆ. ನೀವು ವೇದಿಕೆಯ ಮೇಲೆ ಕೂರಬೇಡಿ. ಆಂಬ್ಯುಲೆನ್ಸ್ ತೆಗೆದುಕೊಂಡು ನಮ್ಮ ಹಿಂದೆಯೇ ಬನ್ನಿ.

ಇಂತಿ,
ನಿಮ್ಮ ಪಟ್ಟಿಯ ಪ್ರಕಾರ ಮನೆಯಲ್ಲಿ ಮಲಗಿರಬೇಕಾದ
ಬಸವಪ್ರಭು
ಕಾತ್ರಜ, ಪುಣೆ