ಮೂರನೆಯ ರಿವೆಟ್

೧೫ ಜೂನ್ ೨೦೨೫, ರವಿವಾರ

ಕಿತ್ತೂರು. ಬೆಳಿಗ್ಗೆ ಒಂಬತ್ತಕ್ಕೆ ಜೀಪಿನ ಕೆಳಗೆ. ಹಾಸಿಕೊಳ್ಳಲು ಗೋಣಿಚೀಲ, ಟಾರ್ಚ್, ತಂತಿ ಬ್ರಷ್, ಗಡ್ಡ ಮಾಡಿಕೊಳ್ಳುವ ಚಿಕ್ಕ ಕನ್ನಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಚಾಸಿ ಮೇಲಿನ ರಿವೆಟ್ಟಿಗೆ ಬೇಕು.

ಕೊಳ್ಳುವವರು ಹುಬ್ಬಳ್ಳಿಯ ಮಧು ಮೇಡಂ. ಬ್ಯಾಂಕ್ ನೌಕರಿ, ಹಳೆ ಜೀಪಿನ ಹುಚ್ಚು. ಮಾರುವವರು ರಿಟೈರಾದ ಮಾಸ್ತರರು, ನೋಡಿ ಹೇಳುವವನು ನಾನು. ಎಲ್ಲರದೂ ಒಂದೇ ಪ್ರಶ್ನೆ— ಈ ಫೋರ್ ವ್ಹೀಲ್ ಕಂಪನಿಯಿಂದಲೇ ಹಾಗೆ ಬಂದದ್ದೋ, ಹಿಂದಿನ ಎರಡೇ ಗಾಲಿ ಎಳೆಯುವ ಗಾಡಿಯನ್ನು ಯಾವನೋ ಗ್ಯಾರೇಜಿನಲ್ಲಿ ನಾಲ್ಕು ಎಳೆಯುವ ಹಾಗೆ ಮಾಡಿದ್ದೋ. ಅಸಲಿಯೋ, ಕನ್ವರ್ಟೋ.

ಮೊದಲು ಕಬ್ಬಿಣ, ಆಮೇಲೆ ಕಾಗದ. ಚಾಸಿ ನಂಬರ್ ಸರಿ, ಅಂಕಿಗಳೆಲ್ಲ ಒಂದೇ ಆಳ. ಫೋರ್ ವ್ಹೀಲ್ ಲಿವರ್ ಮೇಲೆ ಬರುವ ತೂತಿನ ಅಂಚು ನಯ. ಗ್ಯಾಸಿನಲ್ಲಿ ಕೊರೆದದ್ದಾದರೆ ಇಲಿ ಕಡಿದ ಹಾಗಿರುತ್ತದೆ. ಮುಂದಿನ ಆಕ್ಸಲ್ ಸರಿ. ಕೊನೆಗೆ ಗೇರ್‌ಬಾಕ್ಸ್ ಹೊತ್ತಿರುವ ಅಡ್ಡಪಟ್ಟಿ. ಅದು ಚಾಸಿಗೆ ಕೂಡುವ ಕಡೆ ಬದಿಗೆ ಮೂರು ರಿವೆಟ್ ಇರಬೇಕು. ಎರಡೇ ಇದ್ದವು. ಮೂರನೆಯದರ ಜಾಗದಲ್ಲಿ ನಟ್ ಬೋಲ್ಟ್. ಕಂಪನಿ ರಿವೆಟ್ ಬಡಿಯುತ್ತದೆ, ಗ್ಯಾರೇಜಿನವನು ಬೋಲ್ಟ್ ಹಾಕುತ್ತಾನೆ.

"ಕನ್ವರ್ಟ್ ಐತ್ರಿ" ಅಂದೆ.

"ಶೋರೂಮಿಂದ ನಾನ ತಂದೇನ್ರಿ, ಮಾಲಿ ಹಾಕಿಸಿಕೊಂಡು!" ಮಾಸ್ತರರು ಎದ್ದು ನಿಂತರು.

"ಬೋಲ್ಟ್ ಬ್ಯಾರೇನ ಹೇಳತೈತ್ರಿ."

ಚಹಾ ಆರಿ ಕೆನೆ ಕಟ್ಟಿತ್ತು. ಮುಟ್ಟಲಿಲ್ಲ. ತೀರ್ಪು ಹೇಳುವ ತನಕ ಮಾರುವವರ ಮನೆಯಲ್ಲಿ ಹನಿ ನೀರೂ ಕುಡಿಯಬಾರದು— ನನಗೆ ಕೆಲಸ ಕಲಿಸಿದ ಸತ್ಯಪ್ಪ ಮಿಸ್ತ್ರಿ ಹಾಕಿಕೊಟ್ಟ ನೇಮ. ಹೇಳಿದ ಮೇಲೆ ಸಾಮಾನ್ಯವಾಗಿ ಅವರೇ ಕೊಡುವುದಿಲ್ಲ.

೧೯ ಜೂನ್, ಗುರುವಾರ

ಗ್ಯಾರೇಜಿನಲ್ಲಿ ಎರಡು ಕ್ಲಚ್, ಒಂದು ರೇಡಿಯೇಟರ್. ಬೈಲಹೊಂಗಲದಲ್ಲಿ ಮಳೆ ಬರುತ್ತೇನೆ ಅನ್ನುತ್ತದೆ, ಬರುವುದಿಲ್ಲ.

ಊಟಕ್ಕೆ ಕೂತಾಗ ಹೆಂಡತಿ ರೇಣು ಕೇಳಿದಳು, "ಪಂಚಮಿ ಯಾವಾಗ ಬರತೈತಿ ನೋಡ್ರಿ, ಕ್ಯಾಲೆಂಡರಿನ್ಯಾಗ."

ಜುಲೈ ಇಪ್ಪತ್ತೊಂಬತ್ತು. ಹೇಳಿದೆ. ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಜೋರಾಯಿತು.

ಪಂಚಮಿಗೆ ಅಣ್ಣ ಬಂದು ಕರೆದೊಯ್ಯಬೇಕು. ಅವಳ ಅಣ್ಣ ಶಟ್ಟೆಪ್ಪ ಸವದತ್ತಿಯಲ್ಲಿದ್ದಾನೆ. ಮೋಟರ್‌ಸೈಕಲ್ ಮೇಲೆ ಒಂದು ತಾಸಿನ ದಾರಿ. ಒಂಬತ್ತು ಪಂಚಮಿ ಹೋದವು, ಬಂದಿಲ್ಲ. ಕಾರಣ ನಾನು.

೨೦೧೬. ಕೊಲ್ಲಾಪುರದವರೊಬ್ಬರು ಜೀಪ್ ತೋರಿಸಲು ಕರೆದೊಯ್ದರು. ಸವದತ್ತಿ ಮುಟ್ಟಿದ ಮೇಲೆ ಗೊತ್ತಾಯಿತು, ಗಾಡಿ ಶಟ್ಟೆಪ್ಪನದು. 'ಇವರು ನಮ್ಮ ಬೀಗರು, ಬೇರೆಯವರಿಗೆ ತೋರಿಸಿ' ಎಂದು ಹಿಂದಿರುಗಬಹುದಿತ್ತು. ಇಲ್ಲ. ಜಂಬ. ಹೆಂಡತಿಯ ತವರಿನಲ್ಲಿ ಚಹಾ ಮುಟ್ಟದೆ ಜೀಪಿನ ಕೆಳಗೆ ಹೋದೆ. ಎರಡು ರಿವೆಟ್, ಒಂದು ಬೋಲ್ಟ್. ಓಣಿಯ ಕಟ್ಟೆ ತುಂಬ ಜನ. ಅವರೆದುರಿಗೇ ಕನ್ವರ್ಟ್ ಅಂದೆ. ಶಟ್ಟೆಪ್ಪ ಯಲ್ಲಮ್ಮನ ಆಣೆ ಇಟ್ಟ. "ಆಣಿ ಇಟ್ರ ರಿವೆಟ್ ಹುಟ್ಟತಾವೇನ್ರಿ ಮಾಂವಾರ?" ಅಂದೆ. ಎಲ್ಲರೂ ನಕ್ಕರು. ಅವತ್ತಿನಿಂದ ಅವನ ಹೆಸರು ಡುಪ್ಲಿಕೇಟ್ ಶಟ್ಟೆಪ್ಪ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ತೀರ್ಪು ಸರಿಯಿತ್ತು. ಆ ಒಂದು ಸಮಾಧಾನ ಇದೆ.

೨೮ ಜೂನ್, ಶನಿವಾರ

ಮಧು ಮೇಡಂ ಬಂದಿದ್ದರು, ಹೇಳದೆ ಕೇಳದೆ. ಕೈಯಲ್ಲಿ ಎಣ್ಣೆ ಹತ್ತಿದ ದಪ್ಪ ಪುಸ್ತಕ. ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತಂತೆ. ಕಂಪನಿಯದೇ ಬಿಡಿಭಾಗಗಳ ಪುಸ್ತಕ, ಅದೇ ಮಾಡೆಲ್, ಅದೇ ವರ್ಷ.

"ಸಿಟ್ಟಿಗೇಳಬ್ಯಾಡ್ರಿ ಅಣ್ಣಾರ. ಈ ಚಿತ್ರ ಒಮ್ಮಿ ನೋಡ್ರಿ."

ಅಡ್ಡಪಟ್ಟಿಯ ಚಿತ್ರ. ಬದಿಗೆ ಎರಡು ರಿವೆಟ್. ಮೂರನೆಯದರ ಜಾಗದಲ್ಲಿ ಬೋಲ್ಟ್. ಕೆಳಗೆ ಬೋಲ್ಟಿನ ನಂಬರ್ ಕೂಡ.

"ಇದು ಬ್ಯಾರೆ ಗಾಡೀದ ಇರಬೇಕ್ರಿ" ಅಂದೆ. ಅಲ್ಲ. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಪುಣ್ಯಾತ್ಮಗಿತ್ತಿ ವಾದಿಸಲಿಲ್ಲ. ಪುಸ್ತಕ ಇಟ್ಟು ಹೋದರು.

ಹಾಗಾದರೆ ಮೂರು ಎಂದು ನಾನು ಎಲ್ಲಿ ಕಲಿತೆ? ತೊರಗಲ್ಲಿನಲ್ಲಿ. ಗಂಗಪ್ಪನವರ ಜೀಪು. ೧೯೯೯. ಸತ್ಯಪ್ಪ ಮಿಸ್ತ್ರಿ ಸೈಕಲ್ ಪಂಪಿನಿಂದ ತೋರಿಸಿ ಹೇಳಿದ್ದರು, "ಇದು ಕಂಪನೀದು. ಹಿಂಗಿರತೈತಿ." ಕೆಳಗೆ ಮಲಗಿ ಕನ್ನಡಿ ಹಿಡಿದು ಎಣಿಸಿದ್ದೆ. ಆ ಜೀಪೇ ನನ್ನ ಶಾಲೆ. ಇಪ್ಪತ್ತಾರು ವರ್ಷ ಅದಕ್ಕೆ ಹೋಲಿಸಿಯೇ ಉಳಿದದ್ದನ್ನೆಲ್ಲ ನೋಡಿದೆ.

೨೯ ಜೂನ್, ರವಿವಾರ

ತೊರಗಲ್. ಕೋಟೆಯ ಬುಡದಲ್ಲಿ ಅದೇ ಮನೆ, ಅದೇ ಜೀಪು. ಗಂಗಪ್ಪನವರಿಗೆ ಎಂಬತ್ತು ದಾಟಿದೆ. ಗುರುತು ಹಿಡಿದರು.

ಬಣ್ಣದ ಮೇಲೆ ಬಣ್ಣ, ಅದರ ಮೇಲೆ ಗ್ರೀಸು. ತಂತಿ ಬ್ರಷ್ ಹಾಕಿ ಅರ್ಧ ತಾಸು ತಿಕ್ಕಿದೆ. ಮೂರು ರಿವೆಟ್, ದುಂಡಗೆ, ಚೆಂದ. ಮೂರರ ತಲೆಯ ಮೇಲೂ ಒಂದು ಸಣ್ಣ ಗೆರೆ, ಉಗುರಿನಿಂದ ಒತ್ತಿದ ಹಾಗೆ. ಮೂರರಲ್ಲೂ ಒಂದೇ ಗೆರೆ. ಅವತ್ತು ಎಣಿಸಿದ್ದೆನೇ ಹೊರತು ತಿಕ್ಕಿ ನೋಡಿರಲಿಲ್ಲ.

ಆ ಗೆರೆ ಎಲ್ಲೋ ಕಂಡದ್ದು. ಎಲ್ಲಿ ಎಂದು ಕೂಡಲೇ ಹೊಳೆಯಿತು.

ಗಂಗಪ್ಪನವರು ಕೇಳಿದರು, "ಏನಂತೈತಿ ನಮ್ಮ ಗಾಡಿ? ಕಂಪನಿ ಮಾಲ್ ಐತಲಾ?"

"ಗಟ್ಟಿ ಐತ್ರಿ ಯಜಮಾನ್ರ" ಅಂದೆ. ಎಂಬತ್ತು ವರ್ಷದವರಿಗೆ ಇನ್ನೇನು ಹೇಳುವುದು. ಚಹಾ ಬೇಡ ಅಂದು ಬಂದೆ.

೩೦ ಜೂನ್, ಸೋಮವಾರ. ಬೆಳಿಗ್ಗೆ ಆರು

ಗ್ಯಾರೇಜು. ಮಿಸ್ತ್ರಿಯ ಹಳೆ ಪಂಚು ಹುಡುಕಿ ತೆಗೆದೆ. ಕಾದ ರಿವೆಟ್ಟಿನ ಮೇಲೆ ಇಟ್ಟು ಬಡಿದರೆ ತಲೆ ದುಂಡಗಾಗುತ್ತದೆ. ಕಣ್ಣು ಮಂಜಾದ ಮೇಲೆ ಮಿಸ್ತ್ರಿ ನನಗೆ ಕೊಟ್ಟದ್ದು. ಬಟ್ಟಲಿನಂಥ ಅದರ ಬಾಯಿಯೊಳಗೆ ಒಂದು ಬಿರುಕು.

ಒಂದು ರಿವೆಟ್ ಕಾಯಿಸಿ ಬಡಿದು ನೋಡಿದೆ.

ಅದೇ ಗೆರೆ.

೬ ಜುಲೈ, ರವಿವಾರ

ಒಂದು ವಾರ ಹೋಗಲು ಕಾಲು ಏಳಲಿಲ್ಲ. ಇವತ್ತು ಹೋದೆ. ಎಂ.ಕೆ. ಹುಬ್ಬಳ್ಳಿ, ಮಿಸ್ತ್ರಿಯ ಊರು. ಮಿಸ್ತ್ರಿ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ಆ ರಿವೆಟ್ಟನ್ನು ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಸವರಿದರು. ಬಹಳ ಹೊತ್ತು.

"ತೊರಗಲ್ಲಿಗೆ ಹೋಗಿದ್ದೇನ ಸಿದ್ಧಾ?"

"ಹೂಂನ್ರಿ. ಅದನ್ನ ಕನ್ವರ್ಟ್ ಮಾಡಿದ್ದು ನೀವ ಏನ್ರಿ?"

"ತೊಂಬತ್ತಮೂರರಾಗ. ಕಂಪನಿಯವರು ಅಲ್ಲಿ ಬೋಲ್ಟ್ ಹಾಕತಿದ್ರು, ಸಡಲ ಆಗತಿತ್ತು. ನಾ ರಿವೆಟ್ ಬಡದೆ. ಇವತ್ತಿಗೂ ಅಳಗ್ಯಾಡಿಲ್ಲ, ನೋಡಿದಿಲ್ಲ?" ದನಿಯಲ್ಲಿ ಇನ್ನೂ ಹೆಮ್ಮೆ.

"ನನಗ ಕಂಪನೀದು ಅಂತ ಯಾಕ ಹೇಳಿದ್ರಿ?"

"ಗಂಗಪ್ಪ ಎದುರಿಗೆ ಕುಂತಿದ್ದ. ಊರ ಮಂದಿಗೆಲ್ಲಾ ಕಂಪನೀದು ಅಂತ ಹೇಳಿಕೊಂಡಿದ್ದ ಅಂವಾ. ಅವನ ಮನಿ ಚಾ ಕುಡದಿದ್ದೆ. ಬಾಯಿ ಬರಲಿಲ್ಲ. ದಾರ್ಯಾಗ ಹೇಳಬೇಕಂದೆ... ನೀ ಖುಷಿಲೇ ಮೂರು, ಮೂರು ಅನಕೋತ ಹೊಂಟಿದ್ದಿ. ನಾಳೆ ಹೇಳೂಣು ಅಂದೆ. ಆ ನಾಳೆ ಬರಲಿಲ್ಲ."

ಹೊರಸಿನ ಅಂಚಿಗೆ ಕೂತೆ.

"ಅದಕ್ಕ ನಿನಗ ಹೇಳಿದ್ದು— ನೋಡೂ ತನಕಾ ಯಾರ ಮನಿ ಚಾನೂ ಕುಡೀಬ್ಯಾಡ ಅಂತ."

ಇಷ್ಟು ವರ್ಷ ಆ ನೇಮವನ್ನು ಶಾಸ್ತ್ರದಂತೆ ಪಾಲಿಸಿದೆ. ಅದು ಇವರ ಪಶ್ಚಾತ್ತಾಪ ಎಂದು ಗೊತ್ತಿರಲಿಲ್ಲ. ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಆ ಹೆಬ್ಬೆರಳು ಇನ್ನೂ ರಿವೆಟ್ ಸವರುತ್ತಲೇ ಇತ್ತು. ಏಳುವಾಗ ಕೇಳಿದರು, "ಯಾರಿಗರೆ ತ್ರಾಸ ಆಗೇತೇನು?"

"ಆಗೇತ್ರಿ" ಅಂದೆ.

೧೩ ಜುಲೈ, ರವಿವಾರ

ಹಳೆ ದಿನಚರಿಗಳನ್ನೆಲ್ಲ ಅಟ್ಟದಿಂದ ಇಳಿಸಿದೆ. ಬರೀ ಆ ಒಂದು ಬೋಲ್ಟಿನ ಮೇಲೆ ಕನ್ವರ್ಟ್ ಅಂದದ್ದು ಹದಿನಾಲ್ಕು ಗಾಡಿ. ಉಳಿದವಕ್ಕೆ ಬೇರೆ ಗುರುತೂ ಇದ್ದವು, ಆ ಮಾತು ನಿಲ್ಲುತ್ತದೆ. ಹದಿನಾಲ್ಕು ನಿಲ್ಲುವುದಿಲ್ಲ.

ಮಧು ಮೇಡಂಗೆ ಫೋನ್. ಕಿತ್ತೂರಿನ ಮಾಸ್ತರರಿಗೆ ಫೋನ್. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. "ನೀವಾ ಹೇಳಿದ್ರೆಲಾ, ಸಾಕ್ರಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಇನ್ನೂ ಒಂಬತ್ತು ಜನ ಫೋನಿಗೆ ಸಿಕ್ಕರು. ಮೂವರ ನಂಬರ್ ಬದಲಾಗಿದೆ.

ಉಳಿದದ್ದು ಶಟ್ಟೆಪ್ಪ. ಅವನ ನಂಬರ್ ಇದೆ. ಒತ್ತಲಿಲ್ಲ.

ಅಂಜಿಕೆ. ಬರೆದುಬಿಡುತ್ತೇನೆ, ಓದುವವರು ಯಾರಿದ್ದಾರೆ. 'ಸಿದ್ಧಾರೂಢ ಅಂದರೆ ಮುಗೀತು' ಎಂದು ಜನ ಅನ್ನುತ್ತಾರಲ್ಲ, ಆ ಮಾತಿನ ಮೇಲೆ ನನ್ನ ಬದುಕು ನಿಂತಿದೆ. ಅದು ಹೋದರೆ ನಾನು ಕ್ಲಚ್ ಪ್ಲೇಟ್ ಬದಲಿಸುವ ಇನ್ನೊಬ್ಬ, ಅಷ್ಟೇ.

೨೪ ಜುಲೈ, ಗುರುವಾರ. ನಾಗರ ಅಮಾವಾಸ್ಯೆ

ರೇಣು ಉಂಡೆಗೆ ಎಳ್ಳು ಹುರಿಯುತ್ತಿದ್ದಳು. ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. ಪುಸ್ತಕ, ತೊರಗಲ್, ಪಂಚು, ಮಿಸ್ತ್ರಿ. ಕೈ ನಿಲ್ಲಿಸದೆ ಕೇಳಿದಳು. ಎಳ್ಳು ಸ್ವಲ್ಪ ಕಪ್ಪಾಯಿತು.

"ನಮ್ಮಣ್ಣ ಖರೇ ಹೇಳಿದ್ದಾ ಹಂಗಾರ."

"ಹೂಂ."

"ಯಲ್ಲಮ್ಮನ ಆಣಿ ಇಟ್ಟಿದ್ದಾ."

"ಹೂಂ."

ಅತ್ತಳು. ಒಂಬತ್ತು ವರ್ಷದಲ್ಲಿ ನನ್ನೆದುರು ಇದಕ್ಕಾಗಿ ಅತ್ತದ್ದು ಇದೇ ಮೊದಲು. ನನಗೆ ನಾಚಿಕೆಯಾಯಿತು. ಬರೀ ತಪ್ಪು ಎಣಿಸಿದ್ದಕ್ಕಲ್ಲ, ಎಲ್ಲರನ್ನೂ ನಗಿಸಿದ್ದಕ್ಕೆ.

"ನೀನೂ ಬಾ, ಇಬ್ಬರೂ ಹೋಗೂಣು" ಅಂದೆ.

"ನಾ ಯಾಕ ಬರಲಿ? ಕರೀಲಾರದ ತವರಿಗೆ ಹೋಗೂ ಹೆಣಮಗಳಲ್ಲ ನಾ. ಕಳಕೊಂಡವರು ನೀವು, ಹೋಗಿ ಹುಡುಕಿ ತರ್ರಿ."

೨೭ ಜುಲೈ, ರವಿವಾರ. ಸವದತ್ತಿ. ಮಧ್ಯಾಹ್ನ ನಾಲ್ಕು

ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಪುಸ್ತಕ ಪಕ್ಕದಲ್ಲಿದೆ.

ಹನ್ನೊಂದಕ್ಕೆ ಬಂದೆ. ಶಟ್ಟೆಪ್ಪ ಬಾಗಿಲಲ್ಲೇ ನಿಂತ. ಒಳಗೆ ಬಾ ಅನ್ನಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿದೆ. ಜೀಪು ತಗಡಿನ ಚಪ್ಪರದ ಕೆಳಗೆ, ಮೇಲೆ ತಾಡಪತ್ರಿಯ ಹೊದಿಕೆ.

"ಮಾಂವಾರ, ನಿಮ್ಮ ಗಾಡಿ ಅಸಲಿ ಐತ್ರಿ. ತಪ್ಪು ನಂದು." ಪುಸ್ತಕ ತೆರೆದು ಚಿತ್ರ ತೋರಿಸಿದೆ.

ನೋಡಲೇ ಇಲ್ಲ. "ನನಗ್ಯಾಕ ಹೇಳತೀರಿ? ನನಗ ಮೊದಲ ಗೊತ್ತಿತ್ತು. ಅವತ್ತ ಎಲ್ಲಿ ಅಂದಿದ್ರಿ, ಅಲ್ಲೆ ಹೇಳ್ರಿ."

ಕಟ್ಟೆಯ ಮೇಲೆ ಏಳೆಂಟು ಜನ. ಅವತ್ತಿನವರಲ್ಲಿ ಇಬ್ಬರು ತೀರಿಕೊಂಡಿದ್ದಾರಂತೆ. ಉಳಿದವರು ಇದ್ದರು. ನಿಂತುಕೊಂಡೇ ಹೇಳಿದೆ. ಗಂಗಪ್ಪನವರ ಹೆಸರು, ಮಿಸ್ತ್ರಿಯ ಹೆಸರು ಎತ್ತಲಿಲ್ಲ. ಕಲಿತದ್ದು ತಪ್ಪು, ಎಣಿಸಿದ್ದು ತಪ್ಪು, ಆಡಿದ್ದು ತಪ್ಪು. ಶಟ್ಟೆಪ್ಪ ಇಟ್ಟ ಆಣೆ ಖರೆ.

ಒಬ್ಬ ಮುದುಕ ಕೇಳಿದ, "ಹಂಗಾರ ಇಷ್ಟ ದಿನಾ ಡುಪ್ಲಿಕೇಟ್ ಯಾರು?"

"ನಾನ್ರಿ" ಅಂದೆ.

ಕಟ್ಟೆಯೆಲ್ಲ ನಕ್ಕಿತು. ಸಂಜೆಯೊಳಗೆ ಬೈಲಹೊಂಗಲಕ್ಕೂ ಮುಟ್ಟುತ್ತದೆ. ಮುಟ್ಟಲಿ.

ಶಟ್ಟೆಪ್ಪ ನಗಲಿಲ್ಲ. ಒಳಗೆ ಹೋದ. ಹೋದವನು ಬರಲೇ ಇಲ್ಲ. ಒಂದಾಯಿತು, ಎರಡಾಯಿತು. ಕಟ್ಟೆ ಖಾಲಿಯಾಯಿತು. ನಾನು ಏಳಲಿಲ್ಲ. ಮೂರೂವರೆಗೆ ಬಂದ, ಕೈಯಲ್ಲಿ ಎರಡು ಕಪ್ಪು.

"ಅಳ್ಯಾರ ಆಗಿ ಬಂದೀರೋ, ಗಾಡಿ ನೋಡಾಕ ಬಂದೀರೋ?"

ಕಪ್ಪು ಇಸಿದುಕೊಂಡು ಕುಡಿದೆ. ಬಸಿಯಲ್ಲಿ ಚೆಲ್ಲಿದ್ದನ್ನೂ ಬಿಡಲಿಲ್ಲ. ಸಕ್ಕರೆ ಹೆಚ್ಚು.

"ರೇಣುನ ಯಾಕ ಕರಕೊಂಡ ಬರಲಿಲ್ಲ?"

"ಕರೀಲಾರದ ಬರೂದಿಲ್ಲಂತ್ರಿ."

ಎದ್ದು ಹೋಗಿ ತಾಡಪತ್ರಿ ಎಳೆದ. ಧೂಳಿಲ್ಲ. ತಿಂಗಳಿಗೊಮ್ಮೆ ಚಾಲೂ ಮಾಡಿ ಒರೆಸಿ ಇಟ್ಟಿದ್ದಾನಂತೆ, ಒಂಬತ್ತು ವರ್ಷ. ಓಣಿಗೆ ಮಾತ್ರ ಇಳಿಸಿಲ್ಲ.

"ಬ್ಯಾಟರಿ ಈ ತಿಂಗಳ ಸತ್ತೈತಿ. ಬಾಜೂ ಮನಿ ಟ್ರ್ಯಾಕ್ಟರಿಂದು ತರತೇನಿ. ಇದರಾಗ ಹೋಗಿ ಕರಕೊಂಡ ಬರೂಣು" ಅಂದ.

ತರಲು ಹೋಗಿದ್ದಾನೆ. ಅಷ್ಟರಲ್ಲಿ ಇಷ್ಟು ಬರೆದೆ. ಅಭ್ಯಾಸಬಲ, ಗಾಡಿಯ ಕೆಳಗೂ ಒಮ್ಮೆ ಬಗ್ಗಿ ನೋಡಿದೆ. ಎರಡು ರಿವೆಟ್, ಒಂದು ಬೋಲ್ಟ್. ಬೋಲ್ಟು ಸಡಿಲಾಗಿತ್ತು, ಬಿಗಿ ಮಾಡಿದೆ.

ಬಂದ. ಬಿಳಿ ಅಂಗಿ ಹಾಕಿಕೊಂಡಿದ್ದಾನೆ. ಬ್ಯಾಟರಿ ಕೂರಿಸಿದೆವು. ಕೀಲಿ ನನ್ನ ಕೈಗೇ ಕೊಡುತ್ತಿದ್ದಾನೆ, ಸೆಲ್ಫ್ ಹೊಡಿ ಅನ್ನುತ್ತ—