ಸಂಬಳದ ಜಾಗಕ್ಕೆ ಪಿಂಚಣಿ

ಮಾರ್ಚ್ 4, ಬೆಳಿಗ್ಗೆ

ಎರಡನೇ ಪಂಪು ಮತ್ತೆ ಗೊಣಗುತ್ತಿದೆ. ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಕೊಟ್ಟು ಕೇಳಿದೆ. ಗ್ರೀಸು ಕೇಳಿತು. ಕೊಟ್ಟೆ. ತೆಪ್ಪಗಾಯಿತು. ಇಡೀ ಪಂಪ್‌ಹೌಸಿನಲ್ಲಿ ಈ ಭಾಷೆ ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ. ಬೇರೆಯವರು ಬಾಯಿಬಿಟ್ಟು ಹೇಳುವುದಿಲ್ಲವೆಂದು ನಾನೇ ಬರೆದಿಡುತ್ತಿದ್ದೇನೆ.

ತಿಂಗಳ ಕೊನೆಗೆ ರಿಟೈರು. ಶಿಫ್ಟಿನವರೆಲ್ಲ ಸೇರಿ ಕೇಳಿದರು — "ಮುಂದೆ ಹೇಗಣ್ಣಾ?"

ಅಲ್ಲೇ ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ಉಪಾಯ ನನ್ನದೇ. ಮನೆಗೆ ಈಗ ಬರುವುದನ್ನೆಲ್ಲ ಕೂಡಿಸು. ಸಂಬಳ ಹೊಡೆದುಹಾಕು. ಆ ಜಾಗಕ್ಕೆ ಪಿಂಚಣಿ ಬರೆ. ಕೊನೆಗೆ ಸಿಗುವ ಗಂಟು ಬ್ಯಾಂಕಿಗೆ ಹಾಕಿದರೆ ಬರುವ ತಿಂಗಳ ಬಡ್ಡಿ ಸೇರಿಸು. ಮುಗಿಯಿತು. ಬರುವುದು ಮೂವತ್ತೆಂಟು ಸಾವಿರ, ಖರ್ಚು ಮೂವತ್ತನಾಲ್ಕು. ಏಳನೇ ಕ್ಲಾಸಿಗೇ ಹಳ್ಳಿ ಸ್ಕೂಲು ಬಿಟ್ಟವನ ತಲೆ ಇದು! ಇನ್ನೊಂದೆರಡು ವರ್ಷ ಕೂತಿದ್ದರೆ ಸ್ಕೂಲಿಗೇ ಕಷ್ಟವಾಗುತ್ತಿತ್ತು.

ಮಾರ್ಚ್ 9

ಹೆಂಡತಿಯ ಬಲಭುಜ ಇವತ್ತು ಏಳಲೇ ಇಲ್ಲ. ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಡಾಕ್ಟರಮ್ಮ ಮುಖ ಗಂಟಿಕ್ಕಿ ಹೇಳಿದರು — ಹೊಲಿಗೆ ನಿಲ್ಲಿಸಿ, ಇಲ್ಲವಾದರೆ ಈ ಕೈ ಮೇಲೆತ್ತುವುದನ್ನು ಮರೆತುಬಿಡಿ.

ದಾರಿಯಲ್ಲಿ ಮಾತು ಕೊಟ್ಟೆ. ನಾನು ರಿಟೈರಾದ ದಿನವೇ ಅವಳೂ ರಿಟೈರು.

"ನಿಜವಾಗ್ಲೂ ಆಗುತ್ತಾ?"

"ಲೆಕ್ಕ ಹಾಕಿದ್ದು ಯಾರು ಅಂದ್ಕೊಂಡಿದ್ದೀಯ?"

"ಅದಕ್ಕೇ ಕೇಳಿದ್ದು."

ಬಾಯಿ ಜೋರು. ಆದರೆ ಸಂಜೆಯೇ ಯೂನಿಫಾರ್ಮ್ ಅಂಗಡಿಗೆ ಹೋಗಿ, ಮುಂದಿನ ತಿಂಗಳಿಂದ ಬಟ್ಟೆ ಕಳಿಸಬೇಡಿ ಎಂದು ಹೇಳಿ ಬಂದಳು. ಬರುವಾಗ ಸಣ್ಣಗೆ ಏನೋ ಗುನುಗುತ್ತಿದ್ದಳು. ಎಷ್ಟು ವರ್ಷವಾಯಿತು ಅದನ್ನು ಕೇಳಿ...

ಮಾರ್ಚ್ 31, ಸಂಜೆ

ಹಾರ. ಕೈಗಡಿಯಾರ. ಭಾಷಣ. ಇಂಜಿನಿಯರ್ ಸಾಹೇಬರದು ಎರಡು ನಿಮಿಷ, ನನ್ನದು ಇಪ್ಪತ್ತು. "ಪಂಪು ಒಡೆದು ಊರೇ ತೇಲಿದರೂ ನನ್ನನ್ನು ಕರೆಯಬೇಡಿ, ಕರೆದರೂ ಬರಲ್ಲ" ಅಂದೆ. ಚಪ್ಪಾಳೆಯೋ ಚಪ್ಪಾಳೆ.

ಅಕೌಂಟ್ಸಿನ ಹಳೇ ಗುಮಾಸ್ತರೂ ಬಂದಿದ್ದರು, ಕೋಲೂರಿಕೊಂಡು. ಕೆಲಸಕ್ಕೆ ಸೇರಿದ ವರ್ಷ ಬಲವಂತ ಮಾಡಿ ಪಿ.ಎಫ್. ಜಾಸ್ತಿ ಹಿಡಿಸಿದ ಪುಣ್ಯಾತ್ಮ. ಆಗ ಪ್ರತಿ ಸಂಬಳದ ದಿನವೂ ಅವರಿಗೆ ಮನಸ್ಸಿನಲ್ಲೇ ಬೈಗುಳದ ಅಭಿಷೇಕ ಮಾಡುತ್ತಿದ್ದೆ. ಇವತ್ತು ಕಾಲು ಮುಟ್ಟಿದೆ. "ಅಯ್ಯೋ ಬಿಡಪ್ಪಾ, ಬೈದಿದ್ದೆಲ್ಲ ಗೊತ್ತಿತ್ತು" ಎಂದು ನಕ್ಕರು. ದೊಡ್ಡವರು.

ಏಪ್ರಿಲ್ 2

ಅಕ್ಕನ ಮಗಳು ಬಂದಿದ್ದಳು. ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುವವಳು. ನಾಲಿಗೆ ಚೂಪು, ನಮ್ಮ ವಂಶದ್ದೇ. ಅವಳೆದುರು ಲೆಕ್ಕದ ಪ್ರದರ್ಶನವಾಯಿತು. ಕಣ್ಣು ಕಿರಿದು ಮಾಡಿ ನೋಡಿದಳು.

"ಮಾವ, ಪಿಂಚಣಿ ಹದಿನೇಳು, ಬಡ್ಡಿ ಒಂಬತ್ತು, ಮಹಡಿ ರೂಮಿನ ಬಾಡಿಗೆ ಐದು. ಮೂವತ್ತೊಂದಾಯ್ತು. ಇನ್ನೇಳು ಎಲ್ಲಿಂದ ಬಂತು?"

"ಮೊದಲಿಂದ ಬರ್ತಾ ಇದೆಯಲ್ಲೇ, ಅದು..."

"ಯಾವ್ದು?"

ಒಳಗಿನಿಂದ ಇವಳ ದನಿ — "ಅದು ನನ್ನ ಹೊಲಿಗೆ ದುಡ್ಡು ಕಣೇ."

ಅತ್ತೆಯ ಕೈಗೆ ರಜೆ ಕೊಟ್ಟು ಸಂಪಾದನೆ ಮಾತ್ರ ಉಳಿಸಿಕೊಂಡಿದ್ದೀರಲ್ಲ ಮಾವ, ಇದೊಳ್ಳೆ ಸ್ಕೀಮು ಎಂದು ಅಕ್ಕನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಕ್ಕಷ್ಟೂ ಬೆವರಿದೆ. ತಿಂಗಳಿಗೆ ಮೂರು ಸಾವಿರ ಕಡಿಮೆ. ಅಸಲಿಗೆ ಕೈ ಹಾಕಿದರೆ ಬಡ್ಡಿಯೂ ಕರಗುತ್ತದೆ.

ಖರ್ಚು ಕತ್ತರಿಸಲು ಕೂತೆವು. ಅಕ್ಕಿ, ಕರೆಂಟು, ಔಷಧಿ — ಯಾವುದನ್ನೂ ಮುಟ್ಟುವಂತಿಲ್ಲ. ಮಹಡಿ ಕಟ್ಟಿದ ಸಾಲದ ಕಂತು ನಾಲ್ಕು ಸಾವಿರ, ಇನ್ನೂ ಎರಡು ವರ್ಷ. ಸಿಕ್ಕಿದ್ದು ಒಂದೇ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ನಾನು ಕುಡಿಸುವ ಟೀ, ಎಂಟುನೂರು. ಅಕ್ಕನ ಮಗಳು ಅದಕ್ಕೆ 'ದೊಡ್ಡಸ್ತಿಕೆ ಖರ್ಚು' ಎಂದು ಹೆಸರಿಟ್ಟು ಗೀಟು ಹಾಕಿದಳು. ಎದೆಯ ಮೇಲೇ ಎಳೆದಂತಾಯಿತು.

ಅವಳು ಹೋದ ಮೇಲೆ ಇವಳು ಮಿಷನ್ ಮೇಲಿನ ಬಟ್ಟೆ ಸರಿಸಿ ನಿಂತಳು. "ಎರಡು ವರ್ಷ ತಾನೇ? ಹೊಲಿತೀನಿ ಬಿಡಿ. ಅಂಗಡಿಯೋರಿಗೆ ನಾಳೆ ಹೇಳ್ತೀನಿ."

ಎಷ್ಟು ಹಗುರವಾಗಿ ಹೇಳಿದಳು! ಹೇಳುವಾಗಲೂ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಇದ್ದಳು.

"ಬೇಡ. ಮೂರು ದಿನ ತಡಿ" ಅಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಏಪ್ರಿಲ್ 5

ಗೊತ್ತಿತ್ತು. ಧೈರ್ಯ ಇರಲಿಲ್ಲ.

ಪಂಪ್‌ಹೌಸಿನ ಗೇಟಿನವರೆಗೆ ಎರಡು ಸಲ ಹೋಗಿ, ವಾಕಿಂಗ್ ಬಂದವನಂತೆ ತಿರುಗಿದೆ. ಮೂರನೇ ಸಲ ವಾಚ್‌ಮನ್ ಗೇಟು ತೆಗೆದೇಬಿಟ್ಟ. ಒಳಗೆ ಶಿಫ್ಟಿನವರು ಸಾಲಾಗಿ ನಿಂತಿದ್ದರು.

"ಕರೆದ್ರೂ ಬರಲ್ಲ ಅಂದೋರು ಕರೀದೇ ಬಂದ್ರಲ್ಲಣ್ಣಾ!"

"ಊರು ತೇಲ್ತಾ ಇದೆಯೇನಣ್ಣಾ?"

ಹಲ್ಲು ಕಿರಿದೆ. ನೇರ ಸಾಹೇಬರ ರೂಮಿಗೆ ಹೋಗಿ ಸುತ್ತಿಬಳಸದೆ ಹೇಳಿದೆ — "ಸಾರ್, ಲೆಕ್ಕ ತಪ್ಪಿದೆ. ಏನಾದ್ರೂ ಕೆಲಸ ಕೊಡಿ. ಗುಡಿಸೋದಾದ್ರೂ ಸರಿ."

ಸಾಹೇಬರು ಕನ್ನಡಕ ತೆಗೆದರು. "ಕೂತ್ಕೊಳ್ಳಿ ಮೊದ್ಲು. ಹೊಸಬರಿಗೆ ಪಂಪು ಕಲಿಸೋಕೆ ಒಬ್ರು ಬೇಕು ಅಂತ ಜನವರಿಯಲ್ಲೇ ಮಂಜೂರಾಗಿತ್ತು. ನಿಮ್ಮನ್ನೇ ಕೇಳೋಣ ಅಂತಿದ್ದೆ. ನೀವು ಮೈಕಲ್ಲಿ ಹಾಗೆ ಅಂದ್ಬಿಟ್ರಲ್ಲ, ಬಾಯಿ ಕಟ್ಟಿಹೋಯ್ತು."

ವಾರಕ್ಕೆ ಎರಡು ದಿನ. ತಿಂಗಳಿಗೆ ನಾಲ್ಕು ಸಾವಿರ. ಎರಡು ವರ್ಷಕ್ಕೆ ಒಪ್ಪಂದ. ಅಷ್ಟರಲ್ಲಿ ಸಾಲದ ಕಂತು ಮುಗಿಯುತ್ತದೆ.

ಮನೆಗೆ ಬಂದು ಹೇಳಿದೆ, ಸ್ವಲ್ಪ ಬಣ್ಣ ಹಚ್ಚಿ — ಸಾಹೇಬರೇ ಎದ್ದು ಬಂದು ಕೈ ಹಿಡಿದುಕೊಂಡರು ಅಂತ. "ಹೌದಾ?" ಅಂದಳು. ನಂಬಲಿಲ್ಲ. ಮುಖ ಆ ಕಡೆ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಿಷನ್ ಮೇಲೆ ಬಟ್ಟೆ ಮತ್ತೆ ಹೊದಿಸಿದ್ದು ನಾನೇ.

ಮೇ 3, ಮಧ್ಯಾಹ್ನ

ಪಿಂಚಣಿ ಬಂತು. ಬಡ್ಡಿ ಬಂತು. ಬಾಡಿಗೆ ಬಂತು. ಪಂಪ್‌ಹೌಸಿನದೂ ಬಂತು. ಕೊಟ್ಟ ಕೈಗಳೆಷ್ಟು... ಎಲ್ಲರಿಗೂ ಒಳ್ಳೆಯದಾಗಲಿ, ಆ ನಗುವ ಶಿಫ್ಟಿನವರಿಗೂ.

ಇವಳು ನಿದ್ದೆ ಮಾಡುತ್ತಿದ್ದಾಳೆ. ಹಾಡುಹಗಲಲ್ಲಿ! ಮದುವೆಯಾದಾಗಿನಿಂದ ಹಗಲು ಹೊತ್ತು ಇವಳು ಮಲಗಿದ್ದನ್ನು ನೋಡಿದವನಲ್ಲ. ಬಲಗೈ ತಲೆಯ ಮೇಲಿಟ್ಟುಕೊಂಡಿದ್ದಾಳೆ, ಅಷ್ಟು ಎತ್ತರಕ್ಕೆ ಹೋಗುತ್ತಿದೆ ಈಗ.

ಈ ಸಲ ಸರಿಯಾಗಿ ಕೂಡಿಸಿದ್ದೇನೆ. ಒಟ್ಟು ಬಂದದ್ದು ಮೂವತ್ತ —

ಮಗ್ಗುಲಾದಳು. ಈ ಪೆನ್ನಿನ ಕೆರೆತ ಜಾಸ್ತಿ. ಇರಲಿ, ಅವಳು ಎದ್ದ ಮೇಲೆ