ಚಿಲಕವಿಲ್ಲದ ಬಾಗಿಲು

ಮಾರ್ಚ್ 7

ಮೂರು ಬಾಗಿಲು ಕೂರಿಸಿದೆ. ಎಲ್ಲ ಗಡಿಯಾಚೆಯಿಂದ ವಾಪಸು ಬಂದವರ ಮನೆಗಳೇ. ಯುದ್ಧದಲ್ಲಿ ಮೊದಲು ಹೋದದ್ದು ಬಾಗಿಲುಗಳು, ಯಾರ್ಯಾರದೋ ಒಲೆಗೆ. ಈಗ ಎಲ್ಲರದೂ ಒಂದೇ ರಾಗ: ಚಿಲಕ ಗಟ್ಟಿ ಇರಲಿ, ಎರಡಿರಲಿ. ಬಡಗಿಗೆ ಒಳ್ಳೆಯ ಕಾಲ.

ಊಟ ಆಯಿತು. ಶೂ ಹಾಕಿಕೊಂಡೇ ಮಲಗಬೇಕು. ಊರು ಬಿಟ್ಟು ಓಡಿದ ದಿನ ಅಮ್ಮ ಬರಿಗಾಲಲ್ಲಿ ಗಾಜಿನ ಮೇಲೆ ನಡೆದಿದ್ದಳು. ಅಂದಿನಿಂದ ಇದು ನಮ್ಮಿಬ್ಬರ ಕಾನೂನು. ಮರಳಿ ಬಂದು ವರ್ಷವಾಯಿತು. ಕಾನೂನು ಹಾಗೇ ಇದೆ.

ಮಾರ್ಚ್ 10, ಭಾನುವಾರ

ಅಮ್ಮ ಚರ್ಚಿನಿಂದ ಬೇರೆಯೇ ಮುಖ ಹೊತ್ತು ಬಂದಳು. ಪಾದ್ರಿ ಪ್ರವಾದಿಯ ಮಾತು ಓದಿದರಂತೆ – ಸೆರೆಯಿಂದ ಮರಳಿದ ಜನ ಗೋಡೆ, ಅಗುಳಿ ಏನೂ ಇಲ್ಲದೆ ನಿಶ್ಚಿಂತೆಯಾಗಿರುತ್ತಾರೆ, ಹೆದರಿಸುವವರೇ ಇರುವುದಿಲ್ಲ. ಅದೂ ಶಾಶ್ವತವಾಗಿ.

"ನಮ್ಮ ಚಿಲಕ ಬಿಚ್ಚಿಬಿಡೋ."

"ಅಮ್ಮಾ, ಆ ಪ್ರವಾದಿ ನನ್ನ ಹೊಟ್ಟೆ ಮೇಲೆ ಹೊಡೀತಾನೆ."

"ತಮಾಷೆ ಸಾಕು. ಬಿಚ್ಚು ಅಂದೆ."

ಬಿಚ್ಚಿದೆ. ನನಗೆ ನಂಬಿಕೆಯಿಲ್ಲ, ಅವಳಿಗೆ ಎದುರಾಡುವ ತಾಕತ್ತೂ ಇಲ್ಲ.

ಮಾರ್ಚ್ 11

ಅಮ್ಮ ಶೂ ಬಿಚ್ಚಿ ಮಲಗಿದಳು. ಗೊರಕೆ ಬೇರೆ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ, ಶೂ ಸಮೇತ. ಅವಳನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಅಲ್ಲ. ನನಗೇ ಹೆದರಿಕೆ.

ಮಾರ್ಚ್ 19, ಮಧ್ಯಾಹ್ನ

ದಿನವೂ ಕೂತೇ ನಿದ್ದೆ. ಇವತ್ತು ತೂಕಡಿಸಿ ಉಳಿ ಜಾರಿತು, ಎಡಗೈ ಹೆಬ್ಬೆರಳು ಸೀಳಿತು. ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಬೀದಿಯಲ್ಲಿ ಲಾರಿಗಳ ಸದ್ದು. ಅಂದು ಸೈನಿಕರು ಬಂದದ್ದೂ ಲಾರಿಯಲ್ಲೇ. ಅಮ್ಮನ ಕೈ ಹಿಡಿದು ಎಳೆದೆ. "ಏಳಮ್ಮ, ಹಿತ್ತಲ ಕಡೆಯಿಂದ ಹೋಗೋಣ!" ಅವಳು ಕದಲಲಿಲ್ಲ.

ಬಾಗಿಲು ತೆರೆಯಿತು. ಪಕ್ಕದ ಮನೆಯಾಕೆ, ಕೈಯಲ್ಲಿ ಎರವಲು ಒಯ್ದಿದ್ದ ನಮ್ಮದೇ ಪಾತ್ರೆ. ಬಾಗಿಲು ಬಡಿಯಲೂ ಇಲ್ಲ ಮಹಾತಾಯಿ.

"ಇನ್ನೂ ನಾಲ್ಕು ಮನೆಯವರು ವಾಪಸ್ ಬಂದ್ರು ಕಣ್ರೀ! ಮಂಚ, ಕೋಳಿ, ಎಲ್ಲಾ ಲಾರಿಗೆ ಹೇರ್ಕೊಂಡು!"

ಆಕೆ ಹೋದ ಮೇಲೆ ಅಮ್ಮ ನನ್ನ ಕಾಲು ನೋಡಿದಳು.

"ಎಲ್ಲರೂ ಬಂದ್ರು. ನೀನೊಬ್ಬ ಇನ್ನೂ ಊರಿಗೆ ಬಂದಿಲ್ಲ ನೋಡು."

ನಾಚಿಕೆಯಾಯಿತು. ಎಡಗಾಲಿನ ಶೂ ಬಿಚ್ಚಿದ್ದೇನೆ. ಬಲಗಾಲಿನ ಲೇಸು ಗಂಟು ಬಿದ್ದಿದೆ, ಪಟ್ಟಿಯ ಬೆರಳಿಗೆ ಜಗ್ಗುತ್ತಿಲ್ಲ. ಬರೆಯುವ ನೆಪ ಮಾಡಿಕೊಂಡು ಕೂತಿದ್ದೇನೆ. ಅಮ್ಮ ಅಡುಗೆಮನೆಯಿಂದ ಬಂದು, ನೆಲದ ಮೇಲೆ ಕೂತು, ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಗಂಟಿಗೆ ಕೈ ಹಾಕಿ –